ಸಹಾಯಕಿಯ ಪಗಾರ

2025ರ ಮಾರ್ಚ್ 7ರಂದು ವಿಧಾನಸಭೆಯಲ್ಲಿ ಮಂಡಿತವಾದ ರಾಜ್ಯದ ಆಯವ್ಯಯದಲ್ಲಿ ಅಂಗನವಾಡಿ ಕಾರ್ಯಕರ್ತೆಯ ಗೌರವಧನವನ್ನು ತಿಂಗಳಿಗೆ 1,000 ರೂಪಾಯಿಯಷ್ಟೂ ಸಹಾಯಕಿಯ ಗೌರವಧನವನ್ನು 750 ರೂಪಾಯಿಯಷ್ಟೂ ಹೆಚ್ಚಿಸಲಾಯಿತು. ಬಡವರ ಮನೆಗೆ ಬಂದು ಸೇರುವ ಯಾವ ಮೊತ್ತವನ್ನೂ ಅಲ್ಪವೆಂದು ಹಳಿಯುವುದು ಉಚಿತವಲ್ಲ. ವಿಜಯಪುರದ ಸಂತೆಯಲ್ಲಿ 750 ರೂಪಾಯಿಗೆ ಜೋಳವೆಷ್ಟು, ಬೇಳೆಯೆಷ್ಟು, ಎಣ್ಣೆಯೆಷ್ಟು ಬರುತ್ತದೆಂಬುದನ್ನು ಸಹಾಯಕಿಯು ನನಗಿಂತಲೂ ನಿಮಗಿಂತಲೂ ಚೆನ್ನಾಗಿ ಬಲ್ಲಳು. ಆದರೆ ಆ 750 ಎಂಬ ಅಂಕಿ ಯಾವ ಲೆಕ್ಕದಿಂದ ಹುಟ್ಟಿತೆಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಅದು ಬೆಲೆಯೇರಿಕೆಯ ಸೂಚ್ಯಂಕವನ್ನು ಅನುಸರಿಸಿ ಬಂದುದಲ್ಲ. ಆಕೆ ಸಲ್ಲಿಸಿದ ಸೇವೆಯ ವರ್ಷಗಳನ್ನು ಎಣಿಸಿ ಬಂದುದಲ್ಲ. ಈ ದೇಶದ ಕೂಲಿಕಾರರಿಗೆ 1948ರ ಕಾನೂನು ಕೊಟ್ಟ ಕನಿಷ್ಠ ವೇತನದ ತತ್ತ್ವವನ್ನು ನೋಡಿ ಬಂದುದೂ ಅಲ್ಲ. ಆ ವರ್ಷ ಬೊಕ್ಕಸಕ್ಕೆ ಎಷ್ಟು ಹಗುರವೆನಿಸಿತು, ಬೀದಿಗಿಳಿದವರ ಕೂಗು ಎಷ್ಟು ದೂರ ಕೇಳಿಸಿತು ಎಂಬೆರಡು ಸಂಗತಿಗಳ ನಡುವೆ ಎಲ್ಲಿಯೋ ಅದು ಹೋಗಿ ನಿಂತಿತು. ಮಕ್ಕಳನ್ನು ಸಲಹುವ, ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ದುಡಿಮೆಗೆ ಪ್ರಭುತ್ವವು ಸಲ್ಲಿಸುವ ಪ್ರತಿಫಲವು ಅನುಗ್ರಹವಾಗಿರದೆ ನಿಯಮವಾಗತಕ್ಕದ್ದು, ಆ ನಿಯಮವು ಎಲ್ಲರಿಗಿಂತಲೂ ಕೆಳಗಿನ ಮೆಟ್ಟಿಲಲ್ಲಿ ನಿಂತಿರುವ ಸಹಾಯಕಿಯಿಂದಲೇ ಮೊದಲಾಗತಕ್ಕದ್ದು ಎಂಬ ಒಂದೇ ಮಾತನ್ನು ಈ ಜಿಲ್ಲೆಯ ಓದುಗರ ಮುಂದಿಡಬೇಕೆಂಬುದು ನನ್ನ ಬಯಕೆ.

ವಿಜಯಪುರ ನಗರ, ಅದರ ಪಡುವಲಿಗೆ ಟಿಕೋಟಾ, ತೆಂಕಲಿಗೆ ಬಬಲೇಶ್ವರ ಇವು ಮೂರೂ 2018ರವರೆಗೆ ಒಂದೇ ತಾಲ್ಲೂಕಿನ ಊರುಗಳಾಗಿದ್ದವು. ಈಗ ಮೂರು ತಾಲ್ಲೂಕುಗಳಾದರೂ ಮಳೆ, ಬರ, ದುಡಿಮೆಗಳ ಸಂಬಂಧ ತಪ್ಪಿಲ್ಲ. ಟಿಕೋಟಾದ ಕಡೆ ಹೊನವಾಡ, ಬಿಜ್ಜರಗಿ, ಬಾಬಾನಗರ, ಕನಮಡಿಗಳ ಬಯಲಿನಲ್ಲಿ ದ್ರಾಕ್ಷಿಯ ಪಡಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಎದ್ದುನಿಂತಿವೆ. ಬಬಲೇಶ್ವರದ ಕಡೆ ಮಮದಾಪುರದ ಹಳೆಯ ಕೆರೆಯೂ ಸಾರವಾಡ, ಕಾಖಂಡಕಿಗಳ ಎರೆಯ ಹೊಲಗಳೂ ಏತ ನೀರಾವರಿಯ ಕಾಲುವೆಗಳೂ ಇವೆ. ನೀರು ಬಂದ ಊರಿನಲ್ಲಿ ತಾಯಂದಿರು ಹೊತ್ತು ಹುಟ್ಟುವ ಮುನ್ನವೇ ಪಡಕ್ಕೂ ಹೊಲಕ್ಕೂ ನಡೆಯುತ್ತಾರೆ. ನೀರು ಬಾರದ ತಾಂಡಾಗಳಿಂದ ದಸರೆ ಕಳೆದೊಡನೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ, ಕೂಲಿ ಅರಸಿ ಗೋವೆಗೂ ಗುಳೆ ಹೊರಡುತ್ತಾರೆ. ನಗರದೊಳಗೆ, ಆದಿಲಶಾಹಿಯ ಕೋಟೆಗೋಡೆಗೆ ಅಂಟಿಕೊಂಡಿರುವ ಓಣಿಗಳಲ್ಲಿ, ಗೌಂಡಿ ಕೆಲಸಕ್ಕೂ ಮನೆಗೆಲಸಕ್ಕೂ ಹೋಗುವ ಹೆಣ್ಣುಮಕ್ಕಳ ಪಾಡೂ ಅದೇ. ಇಂತಿರಲು ಹಗಲಿನ ಹೊತ್ತು ಮಗು ಉಳಿಯುವುದು ಕಣ್ಣು ಮಬ್ಬಾದ ಅಜ್ಜಿಯ ಕೈಯಲ್ಲಿ, ಇಲ್ಲವಾದರೆ ಅಂಗನವಾಡಿಯಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದೂ, 33 ಮಕ್ಕಳು ವಯಸ್ಸಿಗೆ ತಕ್ಕ ತೂಕವಿಲ್ಲವೆಂದೂ, ಆರು ತಿಂಗಳು ದಾಟಿದವರಲ್ಲಿ ನೂರಕ್ಕೆ 65 ಮಕ್ಕಳ ರಕ್ತದಲ್ಲಿ ಬಲವಿಲ್ಲವೆಂದೂ ಹೇಳಿತು. ಈ ಮೂರು ಸಂಖ್ಯೆಗಳೊಡನೆ ದಿನದಿನವೂ ಹೋರಾಡತಕ್ಕವರು ಇಬ್ಬರು ಹೆಂಗಸರು. ಒಬ್ಬಾಕೆಯನ್ನು ಊರು ಅಕ್ಕೋರು ಎಂದು ಕರೆಯುತ್ತದೆ. ಇನ್ನೊಬ್ಬಾಕೆಯನ್ನು ಬಹಳ ಕಡೆ ಬರಿಯ ಆಯಾ ಎಂದು.

ಆ ಎರಡನೆಯವಳ ದಿನ ಎಂಥದೆಂಬುದನ್ನು ಅರಿಯಬೇಕೆನ್ನುವವರು ಈ ಸೀಮೆಯ ಯಾವ ಅಂಗನವಾಡಿಗಾದರೂ ಒಂದು ಬೆಳಗ್ಗೆ ಹೋಗಿ ಮೂಲೆಯಲ್ಲಿ ಕುಳಿತುಕೊಳ್ಳಲಿ. ಬೀಗ ತೆಗೆಯುವವಳು ಆಕೆ, ಕಸ ಹೊಡೆಯುವವಳು ಆಕೆ, ನಳಕ್ಕೆ ನೀರು ಬಾರದ ದಿನ ಎಲ್ಲಿಂದಲಾದರೂ ಎರಡು ಕೊಡ ನೀರು ಹೊತ್ತು ತರುವವಳೂ ಆಕೆಯೇ. ಬಳಿಕ ಓಣಿ ಓಣಿ ತಿರುಗಿ ಮಕ್ಕಳನ್ನು ಕರೆತರಬೇಕು. ಒಂದು ಮನೆಯ ಕಟ್ಟೆಯ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕುಳಿತ ಮುದುಕಿ, "ರಾತ್ರಿಯಿಂದ ಮೈ ಸುಡಾಕತ್ತೈತಿ, ಇವತ್ತ ಕಳಸಂಗಿಲ್ಲವಾ" ಎಂದರೆ, ಸಹಾಯಕಿ ಬಗ್ಗಿ ಮಗುವಿನ ಹಣೆಯನ್ನೂ ಹೊಟ್ಟೆಯನ್ನೂ ಮುಟ್ಟಿ ನೋಡಿ, "ಆಶಾ ಅಕ್ಕಾಗ ಹೇಳಿ ಕಳಸ್ತೀನಿ, ನೀರು ಕುಡಸ್ಕೋತ ಇರ್ರಿ ಯವ್ವಾ" ಎಂದು ಮುಂದಿನ ಮನೆಗೆ ನಡೆಯುತ್ತಾಳೆ. ಅಷ್ಟರಲ್ಲಿ ಒಂದು ಕೂಸು ಆಕೆಯ ಸೊಂಟದಲ್ಲಿಯೂ ಇನ್ನೊಂದು ಸೆರಗಿನ ತುದಿಯಲ್ಲಿಯೂ ಸೇರಿಕೊಂಡಿರುತ್ತದೆ. ಮರಳಿ ಬಂದು ಅಡುಗೆ ಹಚ್ಚಿ, ಕುಕ್ಕರಿನ ಸೀಟಿ ಎಣಿಸುತ್ತಲೇ ಒಬ್ಬನ ಮೂಗು ಒರೆಸಿ, ಇನ್ನೊಬ್ಬಳ ಚಡ್ಡಿ ಬದಲಿಸಿ, ಊಟದ ಹೊತ್ತಿಗೆ ಅಷ್ಟೂ ಮಕ್ಕಳ ಕೈ ತೊಳೆಸಿ ಸಾಲಾಗಿ ಕೂರಿಸುತ್ತಾಳೆ. ಯಾವ ಮಗು ಮೊಟ್ಟೆಯ ಬಿಳಿಯದನ್ನಷ್ಟೇ ತಿಂದು ಹಳದಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತದೆ, ಯಾವುದಕ್ಕೆ ಅನ್ನವನ್ನು ಬೆರಳಿನಿಂದ ಮಿದ್ದು ಕೊಡಬೇಕು, ಯಾವುದು ತನ್ನ ತಟ್ಟೆಯದನ್ನು ಮನೆಯಲ್ಲಿರುವ ತಂಗಿಗೆಂದು ಬಚ್ಚಿಡುತ್ತದೆ ಎಂಬುದೆಲ್ಲ ಆಕೆಗೆ ತಿಳಿದಿದೆ, ಮತ್ತು ಯಾವ ರಜಿಸ್ಟರಿನಲ್ಲಿಯೂ ಅದಕ್ಕೆ ಕಲಮಿಲ್ಲ. ಎರಡು ವರ್ಷದ ಮಗು ತಿನ್ನುತ್ತ ತಿನ್ನುತ್ತಲೇ ಕುಳಿತಲ್ಲಿ ಮಲ ಮಾಡಿಕೊಂಡರೆ ಮುಖ ಸಿಂಡರಿಸದೆ ಎತ್ತಿಕೊಂಡು ಹೋಗಿ ತೊಳೆದು, ಹೆದರಿದ ಆ ಮಗುವನ್ನು ನಗಿಸಿ, ಮತ್ತೆ ತಟ್ಟೆಯ ಮುಂದೆ ತಂದು ಕೂರಿಸುವ ಕೆಲಸವನ್ನು ಅಕುಶಲ ಕೆಲಸವೆಂದು ಯಾರಾದರೂ ಹೇಳಿದರೆ ಅವರು ಮಗುವನ್ನು ಎತ್ತಿ ಬಲ್ಲವರಲ್ಲ. ನಡುಹಗಲಿಗೆ ಮಾತೃಪೂರ್ಣದ ಊಟಕ್ಕೆ ಬಸುರಿಯರೂ ಬಾಣಂತಿಯರೂ ಬರುತ್ತಾರೆ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ನಡೆದು ಬಂದ ಆ ಉತ್ತಮ ಯೋಜನೆಯೂ ಕೊನೆಗೆ ನಿಂತಿರುವುದು ಇದೇ ಒಲೆಯ ಮೇಲೆ, ಇದೇ ಕೈಗಳ ಮೇಲೆ.

ಕಾರ್ಯಕರ್ತೆಯ ಭಾರ ಬೇರೆ ತೆರನಾದುದು. ಪಾಠ, ಹಾಡು, ತೂಕ, ಎತ್ತರ, ಚುಚ್ಚುಮದ್ದಿನ ದಿನದ ತಯಾರಿ, ಮನೆ ಭೇಟಿ, ತಾಯಂದಿರ ಸಭೆ ಇವು ಆಕೆಯ ಮೂಲ ಕರ್ತವ್ಯಗಳು. 2021ರ ಮಾರ್ಚಿನಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪು ಬಂದು ರಜಿಸ್ಟರುಗಳ ಮೇಲೆ ಇನ್ನೊಂದು ಲೆಕ್ಕವನ್ನು ಹೇರಿತು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರವನ್ನು ಕೊಡುವ ಮುನ್ನ ಫಲಾನುಭವಿಯ ಮುಖವನ್ನು ಅದೇ ಆ್ಯಪು ಗುರುತಿಸಬೇಕೆಂಬ ನಿಯಮವಾಯಿತು; ನೆಟ್‌ವರ್ಕು ಸಿಗದ ಹೊಲಮನೆಯ ಬಸುರಿಯೊಬ್ಬಳ ಮುಖವನ್ನು ಫೋನು ಒಪ್ಪದಿದ್ದರೆ, ಆ ತಾಯಿಗೆ ಉತ್ತರ ಹೇಳಬೇಕಾದವಳು ದಿಲ್ಲಿಯ ತಂತ್ರಜ್ಞನಲ್ಲ, ಓಣಿಯ ಅಕ್ಕೋರು. ಇದಲ್ಲದೆ ಮತದಾರರ ಪಟ್ಟಿಯ ಕೆಲಸ ಬಂದರೆ ಬೂತ್ ಮಟ್ಟದ ಅಧಿಕಾರಿಯಾಗಿ ಆಕೆಯೇ ಮನೆಮನೆ ತಿರುಗಬೇಕು. ಸರ್ಕಾರದ ಹೊಸ ಯೋಜನೆಗೆ ಅರ್ಜಿ ತುಂಬುವ ದಿನ ಬಂದರೆ ಊರ ಹೆಣ್ಣುಮಕ್ಕಳೆಲ್ಲ ಆಕೆಯ ಬಾಗಿಲಿಗೇ ಬರುತ್ತಾರೆ. ಮೊಟ್ಟೆಯ ಹಣ ತಡವಾದ ತಿಂಗಳುಗಳಲ್ಲಿ ಕೈಯಿಂದ ಹಾಕಿ ತಂದು ಮಕ್ಕಳಿಗೆ ಬಡಿಸುವವರೂ, ಬಿಲ್ಲು ಪಾಸಾಗುವವರೆಗೆ ಅಂಗಡಿಯವನ ಮುಖ ತಪ್ಪಿಸಿ ನಡೆಯುವವರೂ ಇವರಲ್ಲಿದ್ದಾರೆ.

ಈ ವ್ಯವಸ್ಥೆಗೆ ಅರ್ಧ ಶತಮಾನದ ಇತಿಹಾಸವಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಮೊದಲಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ತಾಲ್ಲೂಕು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದು ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಪಾಸಾಗದವಳಿಗೆ 100, ಸಹಾಯಕಿಗೆ 35. ಊರಿನ ಹೆಂಗಸೊಬ್ಬಳು ಬಿಡುವಿನ ವೇಳೆಯಲ್ಲಿ ಒಂದೆರಡು ತಾಸು ಮಕ್ಕಳೊಡನೆ ಕಳೆದು ಹೋಗುವಳು, ಆಕೆಗೆ ಗೌರವಪೂರ್ವಕವಾಗಿ ಏನಾದರೂ ಕೊಡೋಣವೆಂಬ ಭಾವನೆ ಅಂದಿನ ಯೋಜಕರ ಮನಸ್ಸಿನಲ್ಲಿದ್ದುದನ್ನು ಇಂದು ದೊಡ್ಡ ತಪ್ಪೆಂದು ನಾನು ಹೇಳಲಾರೆ. ಆರಂಭದ ಯಾವ ಸಾಹಸವೂ ಇಂಥ ಊಹೆಗಳ ಮೇಲೆಯೇ ನಡೆಯುತ್ತದೆ. ಆದರೆ ಕೆಲಸವು ಬೆಳಗ್ಗೆಯಿಂದ ಸಂಜೆ ನಾಲ್ಕರವರೆಗೆ ಹಬ್ಬಿ, ಮೂರು ಇಲಾಖೆಗಳ ಹೊರೆಯನ್ನು ಹೊತ್ತು, ರಾಜ್ಯದಲ್ಲಿ 65 ಸಾವಿರಕ್ಕೂ ಮಿಕ್ಕ ಕೇಂದ್ರಗಳಾಗಿ ಬೆಳೆದ ಮೇಲೆಯೂ ಆ ಊಹೆಯನ್ನೇ ಹಿಡಿದುಕೊಂಡಿರುವುದು ತಪ್ಪು. 2006ರಲ್ಲಿ ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿಯವರು ನಾಗರಿಕ ಸೇವೆಯ ಹುದ್ದೆಯಲ್ಲಿರುವವರಲ್ಲವೆಂದು ತೀರ್ಪಿತ್ತಿತು. ಆ ತೀರ್ಪು ಅನೇಕ ವರ್ಷ ಸರ್ಕಾರಗಳಿಗೆ ಒಳ್ಳೆಯ ಗುರಾಣಿಯಾಯಿತು. 2013ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದೇ ಗಣಿಸಿ ಕನಿಷ್ಠ ವೇತನವನ್ನೂ ಸಾಮಾಜಿಕ ಭದ್ರತೆಯನ್ನೂ ಕೊಡಬೇಕೆಂದು ಶಿಫಾರಸು ಮಾಡಿತು. ಅದು ಕಡತದಲ್ಲಿ ಮಲಗಿತು. ಕೊನೆಗೆ 2022ರ ಏಪ್ರಿಲ್ 25ರಂದು, ಗುಜರಾತಿನಿಂದ ಬಂದ ಮೊಕದ್ದಮೆಯೊಂದರಲ್ಲಿ, ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠವು ಇವರದು ಅರೆಕಾಲಿಕ ಕೆಲಸವೆಂಬ ವಾದವನ್ನು ತಳ್ಳಿಹಾಕಿ, ಇವರಿಗೆ ಸಲ್ಲುವ ಗೌರವಧನವೂ ಕಾನೂನಿನ ಪ್ರಕಾರ ವೇತನವೇ ಆಗುತ್ತದೆಂದು ಹೇಳಿ, 1972ರ ಉಪದಾನ ಕಾಯ್ದೆಯು ಕಾರ್ಯಕರ್ತೆಗೂ ಸಹಾಯಕಿಗೂ ಅನ್ವಯಿಸುತ್ತದೆಂದು ಸಾರಿತು. ಗ್ರಾಚ್ಯುಟಿ ಎಂದು ಎಲ್ಲರೂ ಕರೆಯುವ ಈ ಉಪದಾನದ ಲೆಕ್ಕ ಪ್ರತಿವರ್ಷದ ಸೇವೆಗೆ ಹದಿನೈದು ದಿನಗಳ ವೇತನ. ಅಂದರೆ ವೇತನ ಕಡಿಮೆಯಾದಷ್ಟೂ ಮುಪ್ಪಿನ ಆಸರೆಯೂ ಕಡಿಮೆಯಾಗುತ್ತದೆ. ಮೂವತ್ತು ವರ್ಷ ದುಡಿದು ಅರವತ್ತನೆಯ ವಯಸ್ಸಿನಲ್ಲಿ ಮನೆಗೆ ನಡೆಯುವ ಸಹಾಯಕಿಗೆ ಇಂದಿನ ಅಲ್ಪ ಗೌರವಧನ ಎರಡು ಬಾರಿ ಪೆಟ್ಟು ಕೊಡುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಅಂಗನವಾಡಿಯ ಪೂರಕ ಆಹಾರಕ್ಕೆ 2023ರವರೆಗೆ ಇದ್ದ ನಿಯಮದಂತೆ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನು, ಬಸುರಿಗೂ ಬಾಣಂತಿಗೂ 600 ಕ್ಯಾಲೊರಿ ಮತ್ತು 18ರಿಂದ 20 ಗ್ರಾಂ ಪ್ರೋಟೀನು ಸಲ್ಲಬೇಕಾಗಿತ್ತು. ಗ್ರಾಂ ಲೆಕ್ಕದಲ್ಲಿ ಅಕ್ಕಿ, ಬೇಳೆ, ಬೆಲ್ಲಗಳನ್ನು ತೂಗಿ ಇಂಥ ನಿಯಮವನ್ನು ನಡೆಸಿಕೊಂಡು ಬರುವವಳು ಸಹಾಯಕಿ. ದುಡಿಯುವ ವ್ಯಕ್ತಿಯ ವೇತನಕ್ಕೂ ನಮ್ಮ ದೇಶದಲ್ಲಿ ಇಂಥದೇ ಒಂದು ಲೆಕ್ಕವುಂಟು. 1957ರಲ್ಲಿ ನಡೆದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಹೇಗೆ ನಿರ್ಣಯಿಸಬೇಕೆಂಬುದನ್ನು ಸ್ಪಷ್ಟವಾಗಿ ಹೇಳಿತು: ಒಬ್ಬ ದುಡಿಯುವವನ ಕುಟುಂಬವೆಂದರೆ ಮೂರು ಬಳಕೆಯ ಘಟಕಗಳು, ಒಬ್ಬೊಬ್ಬ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಅದರ ಮೇಲೆ ಮನೆಬಾಡಿಗೆ, ಸೌದೆ ದೀಪಗಳ ಖರ್ಚು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಓದು, ಔಷಧ, ಮುಪ್ಪು, ಮದುವೆಗಳಿಗೆಂದು ಇನ್ನೂ ನಾಲ್ಕನೆಯ ಒಂದು ಪಾಲನ್ನು ಅದಕ್ಕೆ ಕೂಡಿಸಿತು. ಮಗುವಿನ ತಟ್ಟೆಗೆ ಬೀಳುವ ಬೇಳೆಯನ್ನು ಗ್ರಾಮಿನಲ್ಲಿ ಎಣಿಸುವ ಪ್ರಭುತ್ವವೇ ಆ ಬೇಳೆಯನ್ನು ಬೇಯಿಸುವವಳ ಮನೆಯ ತಟ್ಟೆಯನ್ನು ಒಮ್ಮೆಯೂ ಎಣಿಸಲಿಲ್ಲ. ಐವತ್ತು ವರ್ಷಗಳ ಈ ಯೋಜನೆಯಲ್ಲಿ ಸಹಾಯಕಿಗಾಗಿ 1957ರ ಆ ಲೆಕ್ಕವನ್ನು ಒಬ್ಬ ಹಣಕಾಸು ಮಂತ್ರಿಯಾದರೂ ಮಾಡಿ ಅದರಂತೆ ಕೊಟ್ಟದ್ದಿದ್ದರೆ ನಾನು ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಕೇಂದ್ರವು ನಿಗದಿ ಮಾಡಿದ ದರ 2018ರ ಅಕ್ಟೋಬರ್ 1ರಿಂದ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ಆ ದರದ ಮೇಲೆ ಏಳು ವರ್ಷಗಳು ಹಾದುಹೋದರೂ ಅದು ಕದಲಲಿಲ್ಲ. ಇದರಲ್ಲಿಯೂ ದಿಲ್ಲಿಯ ಪಾಲು ನೂರಕ್ಕೆ 60, ಉಳಿದ 40 ರಾಜ್ಯದ್ದು. ಎಂದರೆ ಟಿಕೋಟಾದ ಸಹಾಯಕಿಗೆ ದಿಲ್ಲಿಯಿಂದ ಬರುವುದು ತಿಂಗಳಿಗೆ 1,350 ರೂಪಾಯಿ, ದಿನವೊಂದಕ್ಕೆ 45. ಅದರ ಮೇಲೆ ರಾಜ್ಯವು ತನ್ನದೆಂದು ಕೂಡಿಸುವ ಹಣವೇ ಹೆಚ್ಚೆಂಬುದು ನಿಜ, ಅದಕ್ಕಾಗಿ ಬೇರೆ ಬೇರೆ ಪಕ್ಷಗಳ ರಾಜ್ಯ ಸರ್ಕಾರಗಳಿಗೆ ಸಲ್ಲತಕ್ಕ ಶ್ರೇಯಸ್ಸು ಸಲ್ಲಲಿ. ಎಲ್ಲ ಕೂಡಿದರೂ ಕಾರ್ಯಕರ್ತೆಯ ಕೈಗೆ ಬರುವುದು ಹನ್ನೆರಡು ಸಾವಿರದ ಆಜುಬಾಜು, ಸಹಾಯಕಿಯದು ಅದಕ್ಕಿಂತ ಬಹಳ ಕೆಳಗೆ. 2025–26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ. ಇಪ್ಪತ್ತಾರು ದಿನ ಮಣ್ಣು ಹೊತ್ತವಳಿಗೆ 9,620 ರೂಪಾಯಿಯಾಗುತ್ತದೆ. ಮಣ್ಣು ಹೊರುವ ಕೂಲಿ ಹೆಚ್ಚಾಯಿತೆಂದು ನನ್ನ ಆಕ್ಷೇಪವಲ್ಲ, ಆ ಕೂಲಿಯೂ ಸಾಲದೇ ಇದೆ. ಆದರೆ ಮಕ್ಕಳನ್ನು ಹೊರುವವಳ ತಿಂಗಳ ಪಗಾರ ಆ ಮಟ್ಟಕ್ಕೂ ಏರಲಿಲ್ಲವೆಂಬುದನ್ನು ಯಾವ ನಾಗರಿಕನೂ ಶಾಂತಚಿತ್ತದಿಂದ ಓದಲಾರ. ಅದೇ ರಾಜ್ಯದಲ್ಲಿ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಅತ್ಯಂತ ಕೆಳಗಿನ ಹುದ್ದೆಯ ಸರ್ಕಾರಿ ನೌಕರನ ಮೂಲ ವೇತನವು 17,000ದಿಂದ 27,000 ರೂಪಾಯಿಗೆ ಏರಿತು. ಕಚೇರಿಯೊಂದರಲ್ಲಿ ಕಡತವನ್ನು ಮೇಜಿನಿಂದ ಮೇಜಿಗೆ ಒಯ್ಯುವವನಿಗೆ ಅದು ನ್ಯಾಯವಾದರೆ, ಮಗುವನ್ನು ಮನೆಯಿಂದ ಅಂಗನವಾಡಿಗೆ ಒಯ್ಯುವವಳಿಗೆ ಅದರ ಮೂರನೆಯ ಒಂದು ಪಾಲೂ ದಕ್ಕದಿರುವುದು ಯಾವ ನ್ಯಾಯ?

ಇದು ಅಂಗನವಾಡಿಯೊಂದರ ಸಮಾಚಾರವಲ್ಲ. 2005ರ ಏಪ್ರಿಲಿನಲ್ಲಿ ಮೊದಲಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಬಾರಿ ಹೋಗಿ, ಕೂಸಿನ ತೂಕ ಹಾಕಿ, ಮೈಕಾವು ನೋಡಿ, ಹೊಕ್ಕುಳು ಕೀವಾಗದಂತೆ ನೋಡಿಕೊಂಡುದಕ್ಕೆ ಸಿಗುತ್ತ ಬಂದುದು ಒಟ್ಟು 250 ರೂಪಾಯಿ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ನಮ್ಮ ಆಶಾಗಳು ತಿಂಗಳಿಗೆ ನಿಶ್ಚಿತವಾದ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನೆಲದ ಮೇಲೆ ಮಲಗಿದರು. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಓಡಾಡುವ ಪುನರ್ವಸತಿ ಕಾರ್ಯಕರ್ತರು, ಬಿಸಿಯೂಟದ ಅಡುಗೆಯವರು, ನಗರದ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವ ಗುತ್ತಿಗೆಯ ಆಯಾಗಳು ಇವರೆಲ್ಲರ ಕಥೆಯೂ ಇದೇ ಓಣಿಯದು.

ವೇತನವೇರಿಕೆಗೆ ಎದುರಾಗಿ ಬರುವ ಆಕ್ಷೇಪಗಳಲ್ಲಿ ನನಗೆ ಬಹಳ ನೋವು ತರುವುದು ಸೇವೆಯ ಹೆಸರಿನಲ್ಲಿ ಬರುವ ಆಕ್ಷೇಪ. ಮಕ್ಕಳ ಸೇವೆ ದೇವರ ಸೇವೆ, ಅದನ್ನು ಹಣದಿಂದ ಅಳೆಯಬಹುದೇ ಎಂದು ಸಮಾರಂಭಗಳಲ್ಲಿ ಶಾಲು ಹೊದಿಸಿ ಹೇಳುವವರನ್ನು ನಾವೆಲ್ಲ ಕಂಡಿದ್ದೇವೆ. ತ್ಯಾಗವೆಂದರೇನೆಂಬುದನ್ನು ಈ ಸೀಮೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳು ಕಿಸೆಯಿಲ್ಲದ ಅಂಗಿಯನ್ನು ತೊಡುತ್ತಿದ್ದರು. 2018ರಲ್ಲಿ ಪದ್ಮಶ್ರೀ ಅರಸಿಕೊಂಡು ಬಂದಾಗ ವಿನಯದಿಂದ ಬೇಡವೆಂದರು. ಅವರು ತಮ್ಮ ಕಿಸೆಯನ್ನು ತಾವೇ ಹೊಲಿಸಲಿಲ್ಲ. ಸಹಾಯಕಿಗೆ ಮಕ್ಕಳಿದ್ದಾರೆ, ಮಕ್ಕಳಿಗೆ ಶಾಲೆಯ ಫೀಜು ಇದೆ, ಅತ್ತೆಗೆ ಸಕ್ಕರೆ ಕಾಯಿಲೆಯ ಗುಳಿಗೆ ಇದೆ, ಬಡ್ಡಿಯ ಸಂಘದ ವಾರದ ಕಂತು ಇದೆ. ಆಕೆಯ ಸೆರಗಿನ ಗಂಟನ್ನು ನಾವು ಬಿಚ್ಚಿ ಬರಿದುಮಾಡಿ, ಆಮೇಲೆ ಆಕೆಯನ್ನು ತ್ಯಾಗಮಯಿಯೆಂದು ಕೊಂಡಾಡುವುದು ಆ ಸ್ವಾಮಿಗಳ ಜೀವನಕ್ಕೂ ಸಲ್ಲಿಸುವ ಗೌರವವಲ್ಲ. ಕಾಯಕದ ಫಲವು ಮೊದಲು ಕಾಯಕ ಮಾಡಿದವನ ಕೈ ಸೇರಿ, ಅನಂತರ ಅವನ ಇಚ್ಛೆಯಿಂದ ದಾಸೋಹವಾಗಬೇಕೆಂಬುದನ್ನು ಬಸವನ ಬಾಗೇವಾಡಿಯಿರುವ ಜಿಲ್ಲೆಗೆ ವಿವರಿಸಬೇಕೆ?

ಇನ್ನೊಂದು ಆಕ್ಷೇಪ ಹಣದ್ದು. ಅದಕ್ಕೆ ಉತ್ತರವನ್ನು ಹಣದಲ್ಲಿಯೇ ಹೇಳಬಹುದು. ರಾಜ್ಯದ ಎಲ್ಲ ಅಂಗನವಾಡಿಗಳ ಕಾರ್ಯಕರ್ತೆಗೂ ಸಹಾಯಕಿಗೂ ತಿಂಗಳಿಗೆ ತಲಾ 5,000 ರೂಪಾಯಿ ಹೆಚ್ಚು ಕೊಟ್ಟರೆ ವರ್ಷಕ್ಕೆ ಹೆಚ್ಚುಕಡಮೆ 800 ಕೋಟಿ ರೂಪಾಯಿ ಬೇಕಾಗುತ್ತದೆ. 2025–26ರ ರಾಜ್ಯದ ಆಯವ್ಯಯದ ಗಾತ್ರ 4,09,549 ಕೋಟಿ; ಅದರಲ್ಲಿ ಈ 800 ಕೋಟಿ ನೂರಕ್ಕೆ 0.2ರಷ್ಟು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯಂಥ ಯೋಜನೆಯನ್ನು ನಡೆಸಬಲ್ಲ ರಾಜ್ಯಕ್ಕೆ ಇದು ಅಸಾಧ್ಯವಾದ ಭಾರವೆಂದು ನಂಬುವುದು ಕಷ್ಟ. ಆ ಯೋಜನೆಯನ್ನು ನಾನು ದೂರುವುದಿಲ್ಲ. ದುಡಿಯದೆ ಇದ್ದರೂ ಹೆಣ್ಣಿಗೆ ಒಂದು ಆಸರೆ ಸಲ್ಲಬೇಕೆಂದು ಒಪ್ಪಿದ ಸರ್ಕಾರವು ದುಡಿದ ಹೆಣ್ಣಿಗೆ ದುಡಿಮೆಯ ಬೆಲೆ ಸಲ್ಲಬೇಕೆಂದು ಒಪ್ಪುವುದು ಇನ್ನೂ ಸುಲಭವಾಗಬೇಕಷ್ಟೆ. ನಿಯಮದ ಪ್ರಕಾರ ವೇತನ ಕೊಡುವುದು ನೆರೆಯಲ್ಲಿಯೇ ನಡೆದಿರುವ ಸಂಗತಿ: ತಮಿಳುನಾಡು ತನ್ನ ಅಂಗನವಾಡಿಯವರನ್ನು ಬಹಳ ಹಿಂದೆಯೇ ವಿಶೇಷ ವೇತನ ಶ್ರೇಣಿಗೆ ಸೇರಿಸಿತು. ಅಲ್ಲಿ ಎಲ್ಲವೂ ಸರಿಯಾಗಿದೆಯೆಂದಲ್ಲ. ಆದರೆ ವರ್ಷ ವರ್ಷವೂ ಶ್ರೇಣಿಯಲ್ಲಿ ಮೇಲೇರುವ ಹಕ್ಕು ಅಲ್ಲಿನ ಸಹಾಯಕಿಗೆ ಉಂಟು, ಅದಕ್ಕಾಗಿ ಆಕೆ ಪ್ರತಿ ಆಯವ್ಯಯಕ್ಕೂ ಧರಣಿ ಕೂರಬೇಕಾಗಿಲ್ಲ.

ನಮ್ಮಲ್ಲಿ ಆಗಬೇಕಾದುದೂ ಅಷ್ಟೆ. ಸಹಾಯಕಿಯ ಪಗಾರವು ರಾಜ್ಯವೇ ಪ್ರಕಟಿಸುವ ಕನಿಷ್ಠ ವೇತನಕ್ಕಿಂತ ಒಂದು ರೂಪಾಯಿಯೂ ಕಡಿಮೆಯಿರಕೂಡದು. ಕಾರ್ಯಕರ್ತೆಯದು ಅದಕ್ಕಿಂತ ಮೇಲೆ, ಆಕೆಯ ತರಬೇತಿಗೂ ಹೊಣೆಗೂ ತಕ್ಕಂತೆ ಇರಬೇಕು. ತುಟ್ಟಿಭತ್ಯೆಯು ಇತರ ನೌಕರರಿಗೆ ಏರಿದ ದಿನವೇ ಇವರಿಗೂ ಏರಬೇಕು. ಸೇವೆಯ ವರ್ಷಗಳಿಗೆ ಬಡ್ತಿಯ ಮೊತ್ತವಿರಬೇಕು. ಮತದಾರರ ಪಟ್ಟಿಯಂಥ ಹೊರಗಿನ ಕೆಲಸ ಹೇಳಿದ ಇಲಾಖೆಯು ಅದರ ಕೂಲಿಯನ್ನು ಆ ತಿಂಗಳೇ ಕೊಡಬೇಕು. ದಿಲ್ಲಿಯು 2018ರ ದರವನ್ನು ಕೈಬಿಟ್ಟು ತನ್ನ ಪಾಲನ್ನು ಬೆಲೆಯ ಸೂಚ್ಯಂಕಕ್ಕೆ ಕಟ್ಟಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ತತ್ತ್ವಶೋಧನೆ ಬೇಕಾಗಿಲ್ಲ. 1957ರಿಂದ ಇರುವ ಲೆಕ್ಕವೂ 2022ರಿಂದ ಇರುವ ತೀರ್ಪೂ ಸಾಕು.

ಈ ಮಾತನ್ನು ಕೇಳಬೇಕಾದವರು ನಮಗೆ ದೂರದವರಲ್ಲ. ಬಬಲೇಶ್ವರ, ಟಿಕೋಟಾಗಳ ಮತದಾರರು 2023ರಲ್ಲಿ ಆರಿಸಿ ಕಳುಹಿಸಿದ ಶ್ರೀ ಎಂ. ಬಿ. ಪಾಟೀಲರು ರಾಜ್ಯದ ಮಂತ್ರಿಮಂಡಲವನ್ನು ಸೇರಿದರು. ಅವರ ಪಕ್ಷವು ಆ ಚುನಾವಣೆಯಲ್ಲಿ ಅಂಗನವಾಡಿ ಕಾರ್ಯಕರ್ತೆಗೆ 15,000 ರೂಪಾಯಿ ಕೊಡುವೆವೆಂದು ಮಾತು ಕೊಟ್ಟಿತ್ತು, 2025ರ ಆಯವ್ಯಯವು ಅದನ್ನು ಮುಟ್ಟಲಿಲ್ಲ. 2024ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಮತ್ತೆ ಆಯ್ಕೆಯಾದ ಶ್ರೀ ರಮೇಶ ಜಿಗಜಿಣಗಿಯವರು ದಿಲ್ಲಿಯನ್ನು ಆಳುವ ಪಕ್ಷದವರು. ದಿನಕ್ಕೆ 45 ರೂಪಾಯಿಯ ಪಾಲು ಇರುವುದು ಅವರ ಸರ್ಕಾರದ ಕೈಯಲ್ಲಿ. ಸಹಾಯಕಿಯ ಪಗಾರದ ಎರಡೂ ಪಾಲುಗಳಿಗೆ ಹೀಗೆ ನಮ್ಮ ಜಿಲ್ಲೆಯಲ್ಲಿಯೇ ವಾರಸುದಾರರಿದ್ದಾರೆ. ಅವರಿಬ್ಬರೂ ಹಿರಿಯರು, ಈ ನೆಲದ ಬಡತನವನ್ನು ಕಣ್ಣಾರೆ ಕಂಡವರು. ಮುಂದಿನ ಆಯವ್ಯಯ ಸಿದ್ಧವಾಗುವ ಮೊದಲು ಅವರು ಒಂದೇ ವೇದಿಕೆಯ ಮೇಲೆ ನಿಂತು, ಯಾವ ನಿಯಮದ ಪ್ರಕಾರ ಎಷ್ಟು, ಯಾವ ದಿನಾಂಕದಿಂದ ಎಂಬುದನ್ನು ಈ ಮೂರು ತಾಲ್ಲೂಕುಗಳ ಅಂಗನವಾಡಿಯ ಹೆಣ್ಣುಮಕ್ಕಳಿಗೆ ಲಿಖಿತವಾಗಿ ತಿಳಿಸಬೇಕೆಂದು ಬೇಡುತ್ತೇನೆ. ಮತ್ತು ಮಕ್ಕಳನ್ನು ಅಂಗನವಾಡಿಗೆ ಕಳುಹಿಸುವ ತಾಯಿ ತಂದೆಯರು, ಮತ ಕೇಳಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಅದೇ ಪ್ರಶ್ನೆಯನ್ನು ಕೇಳಬೇಕು.